ದಾರಿಯುದ್ದಕ್ಕೂ ಕುಬಸ

ಒಬ್ಬ ಸಿರಿವಂತನ ಕಥೆ ಹೇಳುತ್ತೇನೆ, ಕೇಳಿ. ಯಾವ ಊರು, ಯಾರ ಮಗ ಎಂದು ಆಮೇಲೆ ನನ್ನ ಹಿಂದೆ ಬಂದು ಕೇಳಬೇಡಿ. ಪೇಟೆಯಲ್ಲಿ ಮೂರು ಬಟ್ಟೆ ಅಂಗಡಿ ಇಟ್ಟವನು, ಅಷ್ಟು ಸಾಕು. ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಪ್ರವಚನದಲ್ಲಿ ಶ್ರೀಮಂತ ಎಂದ ಕೂಡಲೇ ನೀವು ಅವನನ್ನು ಕೆಟ್ಟವನ ಲೆಕ್ಕಕ್ಕೆ ಸೇರಿಸಿ, ಈ ಕಥೆ ನಮ್ಮದಲ್ಲ ಬಿಡು ಎಂದು ಆರಾಮಾಗಿ ಗೋಡೆಗೆ ಒರಗುತ್ತೀರಿ. ಇವನು ಕುಡಿಯುವವನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಮದುವೆಯಾಗಿ ಆರು ವರ್ಷದ ಮೇಲೆ ಹೆಂಡತಿ ಬಸುರಾದ ಸುದ್ದಿ ಬಂದಾಗ, ಅಂಗಡಿಯಲ್ಲಿ ಗಿರಾಕಿಗಳ ಎದುರೇ ಅತ್ತವನು.

ಆರು ತಿಂಗಳು ತುಂಬಿತು. ಒಂದು ದಿನ ಅವನು ಹೆಂಡತಿಯನ್ನು ಕೇಳಿದ: "ನಿನ್ನ ಬಯಕಿ ಏನೈತಿ ಹೇಳ. ಏನ್ ಕೇಳಿದ್ರೂ ಮಾಡ್ತೀನಿ."

ಬಸುರಿಯ ಬಯಕೆ ಕೇಳುವುದು ನಮ್ಮ ಪದ್ಧತಿ. ಒಬ್ಬಳು ಹುಣಸೆಕಾಯಿ ಕೇಳುತ್ತಾಳೆ, ಒಬ್ಬಳು ತವರಿನ ಕಡುಬು ಕೇಳುತ್ತಾಳೆ. ಇವಳು ಏನು ಕೇಳಿದಳು?

"ತಿನ್ನೂದು ಏನೂ ಬ್ಯಾಡ್ರಿ. ಸಮುದ್ರದ ದಂಡಿಗೆ ಎರಡು ದಿನ ಸುಮ್ಮ ಕುಂದ್ರಬೇಕು ಅನಸೇತಿ. ನೀವು, ನಾನು, ಇಬ್ಬರ. ಯಾರೂ ಮಾತಾಡಸಬಾರದು."

ಎಷ್ಟು ಸಣ್ಣ ಬಯಕೆ, ನೋಡಿ! ಆರು ವರ್ಷ ಊರೆಲ್ಲ "ಏನಾರ ವಿಶೇಷ ಐತೇನವ್ವ?" ಎಂದು ಕೇಳಿ ಕೇಳಿ ಅವಳ ಜೀವ ತಿಂದಿತ್ತು. ಆ ಮಾತಿನಿಂದ ಎರಡು ದಿನ ದೂರ ಇರಬೇಕು ಎಂದಷ್ಟೇ ಅವಳ ಆಸೆ.

ಅವನು ಒಪ್ಪಿದ. ಬರೀ ಒಪ್ಪಲಿಲ್ಲ, ಅವಳನ್ನು ಕರೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋಗಿ ಕೇಳಿದ. ಆಕೆ ಪರೀಕ್ಷೆ ಮಾಡಿ ಹೇಳಿದರು: "ಎಲ್ಲಾ ಚಲೋ ಐತಿ, ಹೋಗಿ ಬರ್ರಿ. ಆದ್ರ ತಾಸಿಗೊಮ್ಮೆ ಗಾಡಿ ನಿಂದ್ರಸ್ರಿ, ಐದು ಮಿನಿಟ್ ಅಡ್ಡಾಡಲಿ. ನೀರು ಕುಡೀತಿರಲಿ. ಬಚ್ಚಲಕ್ಕ ಹೋಗಬೇಕು ಅನಸಿದ್ರ ತಡಕೊಂಡು ಕುಂದ್ರಬಾರದು. ಹೋದ ಊರಾಗ ದವಾಖಾನಿ ಎಲ್ಲೈತಿ ಮೊದಲ ಕೇಳಿಟ್ಕೋರಿ."

ಅವನು ಅದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡ. ಮೆಟ್ಟಿಲು ಹತ್ತುವುದು ಬೇಡ ಎಂದು ಸಮುದ್ರದ ಹತ್ತಿರದ ಲಾಡ್ಜಿನಲ್ಲಿ ಕೆಳಗಿನ ಕೋಣೆಯನ್ನೇ ಹೇಳಿಟ್ಟ. ಬೆನ್ನಿಗೆ ಎರಡು ದಿಂಬು ಹೊಲಿಸಿದ. ತಪಾಸಣೆಯ ಕಾಗದಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಟ್ಟ. ಆರು ತಾಸಿನ ದಾರಿ, ನಡುನಡುವೆ ನಿಂತು ಎಂಟು ತಾಸಿನಲ್ಲಿ ಹೋಗೋಣ ಎಂದುಕೊಂಡ. ಇಲ್ಲಿಯವರೆಗೆ ಅವನದು ಏನಾದರೂ ತಪ್ಪಿದೆಯೇ? ಒಂದೂ ಇಲ್ಲ. ಕಥೆ ಇಲ್ಲಿಗೇ ನಿಂತಿದ್ದರೆ ನಾನು ಇವತ್ತು ನಿಮಗೆ ಬೇರೆ ಏನಾದರೂ ಹೇಳುತ್ತಿದ್ದೆ.

ಆಮೇಲೆ ಅವನ ತಾಯಿ ತನ್ನ ತಂಗಿಗೆ ಫೋನಿನಲ್ಲಿ ಈ ಸುದ್ದಿ ಹೇಳಿದಳು. ಖುಷಿಗೆ ಹೇಳಿದಳು, ಬೇರೇನಿಲ್ಲ. ಆ ತಂಗಿ ಏನಂದಳು ಗೊತ್ತೇ?

"ನಮ್ಮೂರ ಮ್ಯಾಲೆ ಹಾದು ಹೊಂಟೀರಿ. ಬಸರಿ ಹೆಣ್ಣಮಗಳು ನಮ್ಮ ಬಾಗಲ ಮುಂದ ಹೋಗೂದು, ನಾ ಕುಬಸ ಮಾಡದ ಬಿಡೂದು, ಹಂಗಾಗತೈತೇನಕ್ಕ? ಮಂದಿ ಏನಂದಾರು?"

ಕುಬಸ ಎಂದರೆ ನಿಮಗೆ ಗೊತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿ ಉಡಿ ತುಂಬುವುದು. ಬೇರೆ ಕಡೆ ಸೀಮಂತ ಅನ್ನುತ್ತಾರೆ. ಚೆಂದದ ಪದ್ಧತಿ, ನಾನು ಬೇಡ ಅನ್ನುವುದಿಲ್ಲ. ಆದರೆ ಒಬ್ಬರ ಮನೆಗೆ ಹೋಗುತ್ತಾರೆ ಎಂದು ಗೊತ್ತಾದರೆ ಇನ್ನೊಬ್ಬರು ಸುಮ್ಮನಿರುತ್ತಾರೆಯೇ? ಸೋದರತ್ತೆ ಫೋನು ಮಾಡಿದಳು. ಸೋದರಮಾವ ಮಾಡಿದ. ಅಂಗಡಿಗೆ ಸೀರೆ ಕಳಿಸುವ ಗೆಳೆಯ, "ನಾವೇನ್ ಹೊರಗಿನವ್ರೇನು?" ಎಂದ. ಇನ್ನೊಂದು ನೆಂಟರ ಮನೆಯೂ ಸೇರಿ ಒಂದು ಮನೆ ಐದಾಯಿತು. ಇಬ್ಬರ ಪ್ರಯಾಣಕ್ಕೆ ಹನ್ನೊಂದು ಜನ ಆದರು. ಸಣ್ಣ ಗಾಡಿ ಬಿಟ್ಟು ದೊಡ್ಡ ಗಾಡಿ ಗೊತ್ತುಮಾಡಿದರು.

ಹಾಗಾದರೆ ಅವನು ಹೆಂಡತಿಯನ್ನು ಕೇಳಲಿಲ್ಲವೇ? ಕೇಳಿದ. ತಾಯಿಯ ಎದುರು ನಿಂತು ಕೇಳಿದ. "ಹಾದಿಮ್ಯಾಗಿನ ಮನಿ ಅಲ್ಲೇನು, ಒಂದೊಂದು ತಾಸು ಹೋಗಿಬರೂಣು, ಆಗತೈತಿಲ್ಲ?" ಅವಳು ಹೂಂ ಅಂದಳು. ಇಲ್ಲಿ ಕೂತ ತಾಯಂದಿರಿಗೆ ಆ ಹೂಂ ಏನೆಂದು ಗೊತ್ತು. ಗಂಡಸರೇ, ನಿಮಗೆ ಗೊತ್ತಿಲ್ಲ. ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಇರುತ್ತೀರಿ. ಇವನೂ ಹಾಗೆಯೇ ಇದ್ದ.

ಶನಿವಾರ ಬೆಳಿಗ್ಗೆ ಹೊರಟರು. ಮೊದಲ ಮನೆ. ಓಣಿಯ ಹೆಂಗಸರೆಲ್ಲ ಬಂದಿದ್ದಾರೆ. ಅವಳನ್ನು ಮಣೆಯ ಮೇಲೆ ಕೂರಿಸಿದರು. ಹಾಡು, ಆರತಿ, ಫೋಟೊ. ತಡವಾಗಿ ಬಂದವರಿಗಾಗಿ ಮತ್ತೊಮ್ಮೆ ಆರತಿ, ಮತ್ತೊಮ್ಮೆ ಫೋಟೊ. ಉಡಿ ತುಂಬುವುದು ಮುಗಿಯುವ ತನಕ ಮಣೆ ಬಿಟ್ಟು ಏಳಬಾರದು ಎಂದು ಆ ಮನೆಯ ಹಿರಿಯಳ ಕಟ್ಟುನಿಟ್ಟು. ಒಂದು ತಾಸು ಅಂದದ್ದು ಮೂರು ತಾಸಾಯಿತು. ಎರಡನೆಯ ಮನೆಯಲ್ಲಿ ಬಚ್ಚಲು ಹಿತ್ತಲಿನಲ್ಲಿ. ಅಲ್ಲಿಗೆ ಹೋಗಬೇಕಾದರೆ ಊಟಕ್ಕೆ ಕೂತ ಗಂಡಸರ ಪಂಕ್ತಿ ದಾಟಬೇಕು. ಹಸಿರು ಸೀರೆ, ಮಡಿಲ ತುಂಬ ಅಕ್ಕಿ, ಕೊಬ್ಬರಿ. ಹೇಗೆ ಏಳುತ್ತಾಳೆ? ಹೇಗೆ ದಾಟುತ್ತಾಳೆ?

ಅವಳು ಒಂದು ಉಪಾಯ ಮಾಡಿದಳು. ನೀರು ಕುಡಿಯುವುದನ್ನೇ ಬಿಟ್ಟಳು.

ತಾಯಂದಿರು ತಲೆ ತಗ್ಗಿಸಿದಿರಿ. ನೀವೂ ಇದನ್ನು ಮಾಡಿದ್ದೀರಿ, ಬಸ್ಸಿನಲ್ಲಿ, ಮದುವೆಯ ಮನೆಯಲ್ಲಿ, ಕಚೇರಿಯಲ್ಲಿ. ನಿಮಗೆ ಯಾರೂ ಇದನ್ನು ಕಲಿಸಬೇಕಾಗಿಲ್ಲ.

ಸಂಜೆಗೆ ಎರಡೇ ಮನೆ ಮುಗಿದವು, ಅಲ್ಲೇ ತಂಗಿದರು. ಭಾನುವಾರ ಮೂರು ಮನೆ. ಗಾಡಿಯಲ್ಲಿ ಒಮ್ಮೆ ಅವಳು ಗಂಡನಿಗೆ ಮೆಲ್ಲಗೆ, "ಬೆನ್ನು ಭಾಳ ನೋಯಾಕತ್ತೈತ್ರಿ, ಬಚ್ಚಲಕ್ಕ ಹೋದ್ರ ಉರಿಯಾಕತ್ತೈತಿ" ಅಂದಳು. ಅವನು ದಿಂಬು ಸರಿಮಾಡಿ, "ಇನ್ನೊಂದ ಮನಿ, ಆಮ್ಯಾಲೆ ಸೀದಾ ಸಮುದ್ರ" ಅಂದ. ಚೀಟಿ ಅವನ ಅಂಗಿಯ ಕಿಸೆಯಲ್ಲೇ ಇತ್ತು. ತಾಸಿಗೊಮ್ಮೆ ಗಾಡಿ ನಿಲ್ಲಿಸಿ ಎಂದು ಬರೆದಿತ್ತು. ಗಾಡಿ ನಿಲ್ಲುತ್ತಿತ್ತು, ನಿಂತಲ್ಲೆಲ್ಲ ಅವಳನ್ನು ಇಳಿಸಿ ಮತ್ತೆ ಮಣೆಯ ಮೇಲೆ ಕೂರಿಸುತ್ತಿದ್ದರು.

ಐದು ಮನೆ ಆದವು. ಆರನೆಯದು ಮನೆಯಲ್ಲ.

ಆರನೆಯದು ಈ ಮಠ.

ಹೌದು, ಇದೇ ಮಠ, ಇದೇ ಸಭಾಮಂಟಪ. ಹೋದ ವರ್ಷದ ಮಾತು. "ಇಲ್ಲಿತನಕ ಬಂದು ಅಜ್ಜಾರ ಆಶೀರ್ವಾದ ಇಲ್ಲದ ಹೋಗೂದಾ?" ಎಂದು ಯಾರೋ ಅಂದರಂತೆ. ಅಜ್ಜಾರು ಅಂದರೆ ಈ ಮಠದ ಸ್ವಾಮಿ, ನಾನೇ. ಬಂದರು. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನಾನು ಬೇರೆ ವಿಷಯ ಹೇಳುತ್ತಿದ್ದವನು, ಎದುರಿಗೆ ಬಸುರಿ ಕಂಡಳಲ್ಲ, ತಾಯ್ತನದ ಹಿರಿಮೆಯ ಮೇಲೆ ಮಾತು ತಿರುಗಿಸಿದೆ. ಮುಕ್ಕಾಲು ತಾಸು ಹೆಚ್ಚಿಗೆ ಮಾತಾಡಿದೆ! ಜನ ಚಪ್ಪಾಳೆ ಹೊಡೆದರು. ನಡುವೆ ಅವಳು ಒಮ್ಮೆ ನೆಲಕ್ಕೆ ಕೈ ಊರಿ ಅರ್ಧ ಎದ್ದಳು. ಅತ್ತೆ ಭುಜ ಹಿಡಿದು, "ಅಜ್ಜಾರ ಮಾತಾಡಾಕತ್ತಾರ, ಕುಂದ್ರು" ಅಂದಳು. ನಾನು ಅದನ್ನು ನೋಡಿದೆ. ನೋಡಿದೆ, ಮತ್ತು ಮಾತು ಮುಂದುವರಿಸಿದೆ. ತಾಯಿಯನ್ನು ಹೊಗಳುವ ಭರದಲ್ಲಿ ಎದುರಿಗಿದ್ದ ತಾಯಿ ನನಗೆ ಅಡ್ಡಿಯಾಗಿ ಕಂಡಳು.

ಕೊನೆಗೆ ಅವಳು ಬಂದು ಹಣ್ಣು ತೆಗೆದುಕೊಂಡಳು. ಬೆರಳು ತಾಗಿತು. ಸುಡುತ್ತಿತ್ತು. ಜ್ವರ ಎಂದು ನನಗೆ ಹೊಳೆಯಿತು. ಮನೆಯವರು ನೋಡಿಕೊಳ್ಳುತ್ತಾರೆ ಎಂದು ಮುಂದಿನವರಿಗೆ ಹಣ್ಣು ಕೊಟ್ಟೆ.

ಸೋಮವಾರ ಬೆಳಿಗ್ಗೆ ಚಳಿ ಹತ್ತಿ ನಡುಗತೊಡಗಿದಳು, ಹೊಟ್ಟೆನೋವು ಶುರುವಾಯಿತು. ಹತ್ತಿರದ ದವಾಖಾನೆಯವರು ದೊಡ್ಡ ಊರಿಗೆ ಕಳಿಸಿದರು. ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು. ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ದಿನ ಇತ್ತು.

ಅಷ್ಟೇ ಇತ್ತು.

ಒಂದು ತಿಂಗಳ ಮೇಲೆ ಅವನು ಒಬ್ಬನೇ ಮಠಕ್ಕೆ ಬಂದ. "ಡಾಕ್ಟರ್ ಅಂತಾರ, ಇದರಿಂದನ ಹಿಂಗಾತು ಅಂತ ಗಟ್ಟಿ ಹೇಳಾಕ ಬರೂದಿಲ್ಲಂತ. ಆದ್ರ ನೀರು ಕುಡಿದಿದ್ರ, ತಡಕೊಳ್ಳದಿದ್ರ, ಜ್ವರ ಬಂದ ಕೂಡಲೇ ತೋರಿಸಿದ್ರ ಉಳೀತಿತ್ತೇನೋ ಅಂತಾರ. ಆ ಏನೋ ಅನ್ನೂದನ್ನ ನಾ ಎಲ್ಲಿಡ್ಲಿ ಅಜ್ಜಾರ? ಎಲ್ಲಾ ಬರಕೊಂಡಿದ್ನಿ. ನನ್ನ ಕೈಲೇ ಬರಕೊಂಡಿದ್ನಿ."

ಶಿವನ ಇಚ್ಛೆ ಎನ್ನಲು ಬಾಯಿ ತೆರೆದೆ. ನಾನು ಶಿವನ ಮೇಲೆ ಹಾಕಲು ಹೊರಟದ್ದರಲ್ಲಿ ಮುಕ್ಕಾಲು ತಾಸು ನನ್ನದೇ ಇತ್ತು.

"ನಿನ್ನ ಹೆಂಡತಿ, ಆ ತಂಗಿ, ಹೇಗಿದ್ದಾಳೆ?" ಎಂದು ಕೇಳಿದೆ. "ಸಮುದ್ರಕ್ಕ ಹೋಗೂಣು ನಡಿ, ಇಬ್ಬರ ಹೋಗೂಣು ಅಂದ್ನಿ. 'ಈಗ್ಯಾಕ್ರಿ?' ಅಂದ್ಲು. ಅಷ್ಟ ಅಂದ್ಲು." ಹೀಗೆ ಹೇಳಿ ಅವನು ಅತ್ತ. ನಾನೂ ಅತ್ತೆ. ಸ್ವಾಮಿಗಳು ಅಳಬಾರದು ಅನ್ನುವವರು ಅನ್ನಲಿ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಅತ್ತೆಯಂದಿರೇ, ಗಂಡಂದಿರೇ, ಅವರ ಮನೆಯಲ್ಲಿ ಕೆಟ್ಟವರು ಯಾರಿದ್ದರು, ಹೇಳಿ ನೋಡೋಣ. ಎಲ್ಲರೂ ಪ್ರೀತಿ ಮಾಡಿದರು. ಒಬ್ಬೊಬ್ಬರೂ ಒಂದೊಂದು ತಾಸಿನ ಪ್ರೀತಿ ಮಾಡಿದರು. ಹೊತ್ತವಳು ಮಾತ್ರ ಒಬ್ಬಳೇ. ನಿಮ್ಮ ಮನೆಯ ಬಸುರಿ ಎರಡು ದಿನ ಎಲ್ಲಾದರೂ ಹೋಗಬೇಕು ಅಂದರೆ ಡಾಕ್ಟರನ್ನು ಕೇಳಿ. ಹೋಗಬಹುದು ಅಂದರೆ ಅವಳು ಹೇಳಿದಲ್ಲಿಗೆ, ಅವಳು ಹೇಳಿದವರೊಂದಿಗೆ ಮಾತ್ರ ಕಳಿಸಿ. ದಾರಿಯ ಮೇಲಿನ ನೆಂಟರಿಗೆ ಹೇಳಬೇಡಿ. ಹೇಳಿದ್ದೀರಾ? ಹಾಗಾದರೆ ಬರುವುದಿಲ್ಲ ಅನ್ನುವುದನ್ನೂ ನೀವೇ ಹೇಳಿ, ಅವಳ ಬಾಯಿಂದ ಹೇಳಿಸಬೇಡಿ. ಕುಬಸ ನಿಮ್ಮ ಮನೆಯಲ್ಲಿ ಒಂದು ಸಾಕು, ಅದೂ ಅವಳು ಕೂರುವಷ್ಟು ಹೊತ್ತು. ಗಂಡನಾದವನು ಅವಳನ್ನು ಏನಾದರೂ ಕೇಳುವುದಿದ್ದರೆ ತಾಯಿಯ ಎದುರು ಕೇಳಬೇಡ, ಒಳಗೆ ಹೋಗಿ ಕೇಳು. ಯಾವ ಮನೆಗೆ ಕರೆದೊಯ್ದರೂ ಮೊದಲು ಬಚ್ಚಲು ಎಲ್ಲಿದೆ ಎಂದು ನೀನೇ ಬಾಯಿಬಿಟ್ಟು ಕೇಳು. ನಾಚಿಕೆ ನಿನಗಿರಲಿ, ಅವಳಿಗೆ ಬೇಡ. ನೋವು, ಉರಿ, ಜ್ವರ ಅಂದರೆ ಗಾಡಿ ತಿರುಗಿಸು, ಇನ್ನೊಂದು ಮನೆ ಅನ್ನಬೇಡ.

ಈ ಸಭೆಯಲ್ಲೂ ಬಸುರಿಯರು ಇರಬಹುದು. ಯಾರೆಂದು ಕೇಳುವುದಿಲ್ಲ, ಕೈ ಎತ್ತಿಸುವುದಿಲ್ಲ. ಎಡಗಡೆಯ ಬಾಗಿಲು ತೆರೆದಿದೆ, ಬಚ್ಚಲಿನ ದೀಪ ಹಾಕಿಸಿದ್ದೇನೆ, ಹೊರಗೆ ಕುಡಿಯುವ ನೀರಿದೆ. ಚನ್ನವೀರಪ್ಪ, ಬಾಗಿಲ ಹತ್ತಿರ ನಿಂತಿದ್ದೀಯಲ್ಲ, ದಾರಿಯಲ್ಲಿ ಕೂತವರನ್ನು ಸ್ವಲ್ಪ ಸರಿಸು. ಏಳಿ ತಂಗಿ, ಹೋಗಿ ಬನ್ನಿ. ನೀವು ಬರುವ ತನಕ ನಾನು ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.