ತೆಂಕಲ ತುದಿಯ ಕೊಳ

ಅಂತರಸನಹಳ್ಳಿಯ ನಮ್ಮ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಯುವುದು ಐದೂವರೆಗೆ. ಎರಡು ಸಾವಿರದ ಏಳರ ಆ ಆಷಾಢದ ದಿನ ಐದಕ್ಕೇ ಹಿಡಿದ ಮಳೆ ಆರೂವರೆಯಾದರೂ ಬಿಟ್ಟಿರಲಿಲ್ಲ. ಕುಣಿಗಲ್ ಬಸ್ಸು ಹಿಡಿಯಬೇಕಿದ್ದ ನಾನು ಮತ್ತು ಇಂಪನಾ, ಸ್ಕೂಟರ್ ಸ್ಟಾರ್ಟ್ ಆಗದ ರಂಗರಾಜು, ಮೂವರೂ ಗೇಟಿನ ಪಕ್ಕದ ಶೆಡ್ಡಿನಲ್ಲಿ ಉಳಿದೆವು. ಅಲ್ಲಿ ವಾಚ್‌ಮನ್ ಅಡವಿಯಪ್ಪ ಸ್ಟೌ ಹಚ್ಚಿ ಟೀಗೆ ಇಟ್ಟಿದ್ದರು. ಗುಬ್ಬಿ ಹತ್ತಿರದ ಕಡಬದ ಕಡೆಯವರು, ಎಪ್ಪತ್ತು ದಾಟಿದೆ, ವಾಚ್‌ಮನ್ ಆಗುವ ಮೊದಲು ನಲವತ್ತು ವರ್ಷ ಗಾರೆ ಕೆಲಸ ಮಾಡಿದವರು. ಮಾತಿನ ನಡುವೆ ಯಾರಾದರೂ ಬಾಯಿ ಹಾಕಿದರೆ ಮುಖ ತಿರುಗಿಸಿ ಕೂತುಬಿಡುವ ಸ್ವಭಾವ. ಕರೆಂಟ್ ಹೋಯಿತು. ಅಜ್ಜ, ನೀವು ಯಾವತ್ತಾದ್ರೂ ದೆವ್ವ ನೋಡಿದೀರಾ ಎಂದು ರಂಗರಾಜು ಕೇಳಿದ, ಸುಮ್ಮನೆ ಕಾಲೆಳೆಯಲು.

ಅಡವಿಯಪ್ಪ ಟೀ ಸೋಸುವುದನ್ನು ನಿಲ್ಲಿಸಲಿಲ್ಲ.

"ದೆವ್ವ ಅನ್ಬ್ಯಾಡ ಕಣೋ ಅವ್ರನ್ನ... ಟೀಚರ್ ಅನ್ನು. ಎಸ್ತೇರಮ್ಮ ಟೀಚರ್.

"ತೊಂಬತ್ತಾರನೇ ಇಸ್ವಿ. ತುಮಕೂರಲ್ಲಿ ಒಂದು ಚರ್ಚಿನ ಹಿಂದ್ಗಡೆ, ಹೆಂಚಿನ ಮನೇಲಿ ಒಬ್ರೇ ಇದ್ರು. ಮೂವತ್ತು ವರ್ಷ ಮಕ್ಕಳಿಗೆ ಯೆರೂಸಲೇಮ್ ಪಟ್ಣದ ನಕ್ಷೆ ಬೋರ್ಡ್ ಮೇಲೆ ಬರ್ದು ಬರ್ದು ಪಾಠ ಹೇಳ್ದೋರು... ಪಟ್ಣಾನ ಮಾತ್ರ ಕಣ್ಣಲ್ಲಿ ಕಂಡೋರಲ್ಲ. ಆಮೇಲೆ ಸಕ್ಕರೆ ಕಾಯಿಲೆ ಬಂದು ಎರಡು ಕಣ್ಣೂ ಹೋದೋ. ನನ್ನ ಕರೆಸಿ, ಹಿತ್ಲಲ್ಲಿ ಮಣ್ಣಲ್ಲಿ ಆ ಪಟ್ಣ ಕಟ್ಕೊಡು ಅಡವಿಯಪ್ಪ, ಬೆರಳಲ್ಲೇ ಒಂದ್ಸಲ ಓಡಾಡ್ಕಂಡು ಬತ್ತೀನಿ, ಅಂದ್ರು. ಹಂಗೆ ಕೇಳಿದ್ರೆ ಯಾರಿಗೆ ತಾನೆ ಆಗಲ್ಲ ಅನ್ನಕ್ಕಾಯ್ತೈತೆ, ಹೇಳಮ್ಮ?

"ಕಡಬದ ಕೆರೆಯಿಂದ ಟೆಂಪೋದಲ್ಲಿ ಜೇಡಿಮಣ್ಣು ತಂದೆ. ಎರಡು ಮಂಚದಗಲ ಜಗ್ಲಿ ಕಟ್ಟಿ, ಮಳೆ ಬೀಳ್ದಂಗೆ ಮೇಲೆ ಶೀಟು ಹೊದ್ಸಿ, ಪಟ್ಣ ಎಬ್ಬಿಸ್ತಾ ಬಂದೆ. ಟೀಚರ್ ಕುರ್ಚಿ ಹಾಕ್ಕಂಡು ಕುಂತು ಹೇಳೋರು... ಮೂಡ್ಲಾಗಿ ಎಣ್ಣೆಮರಗಳ ಗುಡ್ಡ, ಅದ್ರ ಬುಡದಲ್ಲಿ ಕಿದ್ರೋನ್ ಹಳ್ಳ, ಹಳ್ಳದಿಂದೀಚೆಗೆ ಎತ್ತರದಲ್ಲಿ ದೇವಾಲಯ, ನಮ್ಮ ದೇವರಾಯನದುರ್ಗ ಹತ್ತಂಗೆ ಜನ ಹತ್ಕಂಡು ಹೋಗೋರಂತೆ, ಪಡುವಲ ಗೋಡೆ ಆಚೆಗೆ ಅವ್ರ ಸ್ವಾಮೀನ ಶಿಲುಬೆಗೆ ಹಾಕಿದ ಗೊಲ್ಗೊಥಾ. ನಾನು ಒಂದೊಂದು ಗೋಡೆ ಮುಗಿಸ್ದಾಗ್ಲೂ ಬೆರಳಾಡ್ಸಿ ನೋಡಿ, ಇದೇ, ಇದೇ ಅನ್ನೋರು. ಮುಖ ಅರಳ್ಬುಡೋದು.

"ಕೊನೆಗುಳಿದಿದ್ದು ಸಿಲೋವ ಕೊಳ. ಹುಟ್ಟುಕುರುಡನೊಬ್ಬ ಯೇಸುಸ್ವಾಮಿ ಹೇಳ್ದಂಗೆ ಅಲ್ಲಿ ಮುಖ ತೊಳ್ದು ಕಣ್ಣು ಪಡ್ದನಂತೆ. ಅದನ್ನ ತೆಂಕಲ ತುದಿ ತಗ್ಗಲ್ಲಿ ಮಾಡು, ನೀರು ನಿಲ್ಲಂಗೆ ಮಾಡು, ಅದೊಂದು ಮುಟ್ಟಿದ್ರೆ ಸಾಕು ನಂಗೆ, ಅಂದ್ರು. ತೆಂಕ್ಲಲ್ಲಿ ನೀರಾ? ನಾನು ಯಾರ ಮನೇಗೂ ಆ ಕಡೆ ತೊಟ್ಟಿ ಕಟ್ಟಿದೋನಲ್ಲ. ಅದು ಯಮನ ದಿಕ್ಕು, ನೀರಿಗೆ ಈಶಾನ್ಯವೇ ಆಗ್ಬೇಕು. ಮೊದ್ಲೇ ಕಾಯಿಲೆ ಬಿದ್ದಿರೋರು, ನನ್ನ ಕೈಯಾರೆ ಅವ್ರಿಗೆ ಕೇಡಾಗೋದು ಬ್ಯಾಡ ಅಂತ... ಹೂಂ ಅಂದ್ಬುಟ್ಟು ಈಶಾನ್ಯದ ಮೂಲೇಲಿ ಕೊಳ ತೋಡ್ದೆ. ಕಣ್ಣಿಲ್ದೋರಿಗೆ ಏನು ಗೊತ್ತಾಯ್ತೈತೆ ಅಂದ್ಕಂಡೆ. ಅವ್ರು ಇನ್ನಷ್ಟು ದಿನ ಬದುಕ್ಲಿ ಅಂತ್ಲೇ ಮಾಡಿದ್ದು ಕಣಮ್ಮ... ಆದ್ರೂ ಮೋಸ ಮಾಡ್ದೆ.

"ಅದಕ್ಕೆ ನೀರು ತುಂಬೋ ಮೊದ್ಲೇ ಹೋಗ್ಬುಟ್ರು."

ರಂಗರಾಜು ಏನೋ ಹೇಳಲು ಬಾಯಿ ತೆರೆದ. ಅಡವಿಯಪ್ಪ ಮಳೆಯ ಕಡೆಗೆ ತಿರುಗಿ ಕೂತರು. ಇಂಪನಾ ಅವನ ತೊಡೆಗೆ ಚಿವುಟಿ, ಹೇಳಿ ಅಜ್ಜ, ಇವನು ಇನ್ನು ಉಸಿರೆತ್ತಲ್ಲ ಎಂದು ಬೇಡಿಕೊಂಡ ಮೇಲೆ ಮತ್ತೆ ಶುರುಮಾಡಿದರು.

"ಟೀಚರ್‌ನ ಮಣ್ಣು ಮಾಡಿದ ನಾಲ್ಕನೇ ದಿನ ಉಳಿದ ಕೆಲಸ ಮುಗಿಸಕ್ಕೆ ಹೋದೆ. ನೋಡ್ತೀನಿ, ಹಸಿ ಮಣ್ಣಿನ ಮೇಲೆ ಬೆರಳಿನ ಗುರುತು. ದೇವಾಲಯದಿಂದ ಶುರುವಾಗಿ ತೆಂಕಲ ಕಡೆಗೆ ಇಳ್ಕಂಡು ಇಳ್ಕಂಡು ಬಂದು, ಆ ತಗ್ಗಲ್ಲಿ ಸುತ್ತಾ ಕೆರೆದೈತೆ. ಚರ್ಚಿಗೆ ಬರೋ ಮಕ್ಕಳ ಕೆಲಸ ಅಂತ ಬೈಕಂಡು ಸವರ್ದೆ. ಮಾರನೇ ದಿನ ಮತ್ತೆ ಅಲ್ಲೇ, ಇನ್ನೂ ಆಳವಾಗಿ. ಮೂರನೇ ದಿನ ಕಾದು ಕುಂತೆ. ಮಟಮಟ ಮಧ್ಯಾಹ್ನ, ಹಿತ್ಲಲ್ಲಿ ನರಪಿಳ್ಳೆ ಇಲ್ಲ... ನನ್ನ ಕಣ್ಣೆದುರಿಗೇ ಮಣ್ಣು ತಗ್ಗಾಯ್ತು. ಒಂದು ಬೆರಳು. ಅದ್ರ ಪಕ್ಕ ಇನ್ನೊಂದು. ತಡವರಿಸ್ಕಂಡು, ತಡವರಿಸ್ಕಂಡು ಕೆಳಗಿಳಿದು, ಕೊಳ ಇರ್ಬೇಕಾದ ಜಾಗದಲ್ಲಿ ನಿಂತು ಹುಡುಕ್ತಾ ಐತೆ, ಹುಡುಕ್ತಾನೇ ಐತೆ... ಅಯ್ಯೋ ಶಿವನೇ! ಕರಣೆ ಅಲ್ಲೇ ಬಿಸಾಕಿ ಗುಬ್ಬಿ ಬಸ್ಸು ಹತ್ಬುಟ್ಟೆ.

"ಮನೇಲಿ ಉಣ್ಣಕ್ಕೆ ಕುಂತೋನು ಮುದ್ದೆ ಮುರೀದೇ ಎದ್ಬುಟ್ಟೆ. ಭಯಕ್ಕಲ್ಲ ಕಣಪ್ಪ. ಹೊಟ್ಟೆ ಉರ್ದೋಯ್ತು. ಸತ್ತ ಮೇಲೂ ಆ ಮುದುಕಿ ಕತ್ಲಲ್ಲಿ ತಡಕಾಡ್ತಾವ್ಳೆ, ನನ್ನಿಂದ.

"ಬೆಳಗ್ಗೆನೇ ಬಂದು ಈಶಾನ್ಯದ ಕೊಳ ಮುಚ್ಚಿ, ತೆಂಕ್ಲಲ್ಲಿ ತೋಡಿ, ಮೆಟ್ಲು ಮಾಡಿ, ಸಿಮೆಂಟ್ ಬಳ್ದೆ. ಅದು ಒಣಗಾಗಂಟ ಅಲ್ಲೇ ಬಿದ್ಕಂಡು, ಮೂರನೇ ದಿನ ಒಂದು ಬಿಂದ್ಗೆ ನೀರು ಹುಯ್ದು ಕೈ ಮುಗ್ದೆ. 'ಅಮ್ಮ, ತಪ್ಪಾಯ್ತು. ನಿಮ್ಮ ಕೊಳ ಇಲ್ಲೈತೆ.' ಅಂದೆ. ಗಾಳಿ ಇರ್ಲಿಲ್ಲ... ನೀರು ಅಲ್ಲಾಡ್ತು. ಎರಡು ಬೊಗಸೆಯಷ್ಟು ಇಳೀತು. ನಾನು ಅತ್ಬುಟ್ಟೆ, ನಾಚಿಕೆ ಏನು ಹೇಳಕ್ಕೆ. ಅವತ್ತಿಂದ ಪಟ್ಣದಲ್ಲಿ ಎಲ್ಲೂ ಬೆರಳಿನ ಗುರುತಿಲ್ಲ. ಕಣ್ಣು ಬಂದೋರಿಗೆ ತಡವರ್ಸೋ ಕೆಲಸ ಏನೈತೆ?"

ಮಳೆ ಸಣ್ಣಗಾಗಿತ್ತು. ನಾವ್ಯಾರೂ ಏಳಲಿಲ್ಲ. ಹಾಗಾದರೆ ಟೀಚರ್ ಅಲ್ಲಿಂದ ಹೊರಟುಹೋದರಾ ಎಂದು ನಾನು ಮೆಲ್ಲಗೆ ಕೇಳಿದೆ. ಅಡವಿಯಪ್ಪ ಈ ಸಲ ಮುಖ ತಿರುಗಿಸಲಿಲ್ಲ.

"ನಾನೂ ಹಂಗೇ ಅಂದ್ಕಂಡಿದ್ದೆ ಕಣವ್ವ. ಭಾನುವಾರ ಭಾನುವಾರ ಹೋಗಿ ಕೊಳಕ್ಕೆ ನೀರು ತುಂಬ್ಸಿ ಬತ್ತೀನಿ, ಇವತ್ತಿಗೂ. ಈಗ ನನ್ನ ಕಣ್ಣಿಗೂ ಪೊರೆ ಬಂದೈತೆ... ಮ್ಯಾನೇಜರ್‌ಗೆ ಹೇಳ್ಬುಟ್ಟೀರಾ ಮತ್ತೆ. ಹೋದ ಭಾನುವಾರ ಪಟ್ಣದ ಗೋಡೆ ಕೈಗೆ ಸಿಗ್ದೆ ನಿಂತಿದ್ದೆ. ಯಾರೋ ನನ್ನ ಮಣಿಕಟ್ಟು ಹಿಡ್ಕಂಡ್ರು. ಬೆರಳನ್ನ ಗೋಡೆ ಮೇಲಿಕ್ಕಿ, ಒಂದೊಂದೇ ಬಾಗ್ಲು ದಾಟ್ಸಿ, ಮೆಟ್ಲು ಇಳ್ಸಿ, ಕೊಳದ ತಾವ ತಂದ್ಬುಟ್ರು. ಕೈ ತಣ್ಣಗಿತ್ತು, ಅಷ್ಟೇ. 'ಮುಖ ತೊಳ್ಕೋ ಅಡವಿಯಪ್ಪ' ಅಂದ್ರು.

"ನಾನಿನ್ನೂ ತೊಳ್ಕಂಡಿಲ್ಲ. ತೊಳ್ಕಂಡು ಕಣ್ಣು ಬುಟ್ರೆ ಎದುರಿಗೆ ಅವ್ರೇ ಕಾಣ್ತಾರಲ್ವಾ... ಇರ್ಲಿ ಬುಡು. ಈ ಭಾನುವಾರ ತೊಳ್ಕಳಣ ಅಂತಿದೀನಿ."