ಗಾಳಿಕಿಂಡಿಯ ದೇವರು

ಕಂಪ್ಯೂಟರ್ ರಿಪೇರಿ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವರು ಇಬ್ಬರು: ಸಾಫ್ಟ್‌ವೇರ್ ಕೆಲಸದ ಹುಡುಗಿ ಮತ್ತು ಬರುವ ವಾರ ಅವಳಿಗೆ ಅತ್ತೆಯಾಗಲಿರುವ ಹೆಂಗಸು. ಹುಡುಗಿಯ ಲ್ಯಾಪ್‌ಟಾಪ್ ನಿನ್ನೆಯಿಂದ ಪದೇಪದೇ ತಾನಾಗಿ ಆಫ್ ಆಗುತ್ತಿತ್ತು.

“ಇವತ್ತು ಕೆಲಸ ಒಪ್ಪಿಸದಿದ್ರೆ ಮದುವೆಗೆ ರಜಾ ಇಲ್ಲ ಅಂದಿದ್ದಾರೆ ಆಫೀಸಲ್ಲಿ, ಅತ್ತೆ.”

“ಹಾಗಾದ್ರೆ ನನ್ನ ಮಗ ಒಬ್ಬನೇ ಮದುವೆ ಆಗ್ಬೇಕಾ? ದೇವರಿದ್ದಾನೆ, ಸುಮ್ನಿರು.”

“ದೇವರಿಗೆ ಪಾಸ್‌ವರ್ಡ್ ಗೊತ್ತಿಲ್ಲ.”

“ನೀನು ಹೇಳಿದ್ರೆ ತಾನೆ.”

ಅಂಗಡಿಯವನು ಲ್ಯಾಪ್‌ಟಾಪನ್ನು ಮಗುಚಿ ಹಿಡಿದ. ಅಡಿಯಲ್ಲಿದ್ದ ಗಾಳಿಕಿಂಡಿಯ ಮೇಲೆ ದೇವರ ಚಿತ್ರದ ಸ್ಟಿಕ್ಕರ್ ಇತ್ತು.

“ಗಾಳಿ ಆಡೋ ದಾರೀನೇ ಮುಚ್ಚಿದೆ. ಅದಕ್ಕೇ ಬಿಸಿಯಾಗಿ ಆಫ್ ಆಗ್ತಿದೆ. ಯಾರು ಅಂಟಿಸಿದ್ದು ಇದನ್ನ?”

ಅತ್ತೆ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡರು.

“ನಾನೇ,” ಎಂದಳು ಹುಡುಗಿ.

“ಕಂಪ್ಯೂಟರ್ ಓದಿದೋರು ಮಾಡೋ ಕೆಲಸಾನಾ ಮೇಡಂ ಇದು?”

ಸ್ಟಿಕ್ಕರ್ ಕಿತ್ತು ಲ್ಯಾಪ್‌ಟಾಪ್ ತಣ್ಣಗಾದ ಮೇಲೆ ಅವಳು ಅಲ್ಲೇ ಕೂತು ಕೆಲಸ ಮುಗಿಸಿ ಕಳಿಸಿದಳು. ಸ್ವಲ್ಪ ಹೊತ್ತಿಗೆ ಫೋನ್ ಸದ್ದು ಮಾಡಿತು.

“ರಜಾ ಸಿಕ್ತು ಅತ್ತೆ.”

“ಸಿಗದೆ ಏನು. ಅದಿರಲಿ, ಸುಳ್ಳು ಯಾಕೆ ಹೇಳ್ದೆ? ನಿನ್ನೆ ನಿಮ್ಮನೆಗೆ ಬಂದಾಗ, ಕೈ ತಾಗದ ಜಾಗ ಅಂತ ಅಲ್ಲಿ ಅಂಟಿಸಿದ್ದು ನಾನು.”

“ಗೊತ್ತು. ಆದ್ರೆ ನಮ್ಮತ್ತೆನ ನೋಡಿ ಬೇರೆಯವರು ನಗಬಾರದು. ಮನೇಲಿ ನಾನೇ ನಗ್ತೀನಿ.”

ಬಾಗಿಲ ತನಕ ಹೋದ ಅತ್ತೆ ತಿರುಗಿ ನಿಂತು, ಇಡೀ ಅಂಗಡಿಗೆ ಕೇಳುವಂತೆ ಹೇಳಿದರು:

“ಅದನ್ನ ಅಂಟಿಸಿದ್ದು ನಾನಪ್ಪಾ. ನನ್ನ ಸೊಸೆಗೆ ಅಷ್ಟೂ ತಿಳಿಯಲ್ಲ ಅಂದ್ಕೋಬೇಡ.”

ಇಬ್ಬರೂ ಕೈ ಹಿಡಿದು ರಸ್ತೆ ದಾಟಿದರು.