ಜೇನುಮೇಣ ಹಚ್ಚಿದ ತೋಟೆಗಳು

ಹೆಸರು ಧರ್ಣಪ್ಪ ಶೆಟ್ಟಿ, ಪ್ರಾಯ 51 ವರ್ಷ, ಕಸುಬು ಬೇಸಾಯ, ವಾಸ ಕುಂಜಾಡಿ ಮನೆ, ಅಳದಂಗಡಿ ಹತ್ತಿರ, ಬೆಳ್ತಂಗಡಿ ತಾಲೂಕು. ನಾನು ಈ ದಿನ ಯಾರ ಒತ್ತಾಯವೂ ಇಲ್ಲದೆ ಬೆಳ್ತಂಗಡಿ ಠಾಣೆಗೆ ಬಂದು ತಿಳಿಸುವುದು ಏನೆಂದರೆ:

ಕಾಡುಹಂದಿಯಿಂದ ಬೆಳೆ ಕಾಯಲು ನನ್ನಲ್ಲಿ ಲೈಸನ್ಸ್ ಇರುವ ಜೋಡು ನಳಿಗೆಯ ಕೋವಿ ಒಂದು ಇರುತ್ತದೆ. ಅದಕ್ಕೆ ತುಂಬುವ ತೋಟೆಗಳನ್ನು ನಾನೇ ಮಂಗಳೂರಿಗೆ ಹೋಗಿ ತರುತ್ತೇನೆ, ಬೇರೆಯವರ ಕೈಯಲ್ಲಿ ತರಿಸುವುದಿಲ್ಲ. ಕಾಗದದ ಮೈ ಉಬ್ಬಿದ್ದನ್ನು, ಹಿತ್ತಾಳೆಯ ಬುಡದಲ್ಲಿ ಹಸಿರು ಹಿಡಿದದ್ದನ್ನು ಮುಟ್ಟುವುದಿಲ್ಲ. ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇನೆ, ಒಳಗೆ ಗಲಗಲ ಎಂದರೆ ಅಲ್ಲೇ ಬಿಡುತ್ತೇನೆ. ಅಂಗಡಿಯವರು ನನ್ನನ್ನು ನೋಡಿದ ಕೂಡಲೇ, ಶೆಟ್ಟರು ಮದುಮಗಳನ್ನು ಆರಿಸಲು ಬಂದರು ಎಂದು ನಗುತ್ತಾರೆ. ನಗಲಿ. ಹಂದಿಯ ಎದುರು ನಿಲ್ಲುವವರು ಅವರಲ್ಲ.

ನಮ್ಮ ಕಡೆಯ ಮಳೆಗೆ ಒಳ್ಳೆಯ ತೋಟೆಯೂ ಕೆಡುತ್ತದೆ. ಆದ್ದರಿಂದ ಮಳೆ ಹಿಡಿಯುವ ಮೊದಲು ಜೇನುಮೇಣ ಕರಗಿಸಿ ತೋಟೆಯ ಬಾಯಿಗೂ ಬುಡಕ್ಕೂ ಹಚ್ಚುತ್ತೇನೆ. ಈ ಕ್ರಮವನ್ನು ನಾನು ಒಬ್ಬರಿಗೆ ಮಾತ್ರ ಕಲಿಸಿದ್ದೇನೆ. ಅವರು ನನ್ನ ತಂಗಿ ಜಲಜಾಕ್ಷಿಯ ಗಂಡ, ನನ್ನ ಬಾವ ಮುಂಡಪ್ಪ ಹೆಗ್ಡೆ. ಅವರಲ್ಲಿಯೂ ಕೋವಿ ಉಂಟು. ಕಳೆದ ಆಟಿ ತಿಂಗಳ ಮಳೆಗೆ ಅವರ ಮನೆಯ ಅಟ್ಟ ಸೋರಿ ತೋಟೆಗಳು ಒದ್ದೆಯಾದಾಗ, ಒಂದನ್ನೂ ಇಟ್ಟುಕೊಳ್ಳದೆ ಹೊಳೆಗೆ ಹಾಕಬೇಕೆಂದು ನಾನು ಹೇಳಿದ್ದೆ. ಹಾಕಿದೆ ಎಂದು ಅವರು ಹೇಳಿದ್ದರು.

ಭೂಮಿತಾಯಿಯ ಹಬ್ಬವಾದ ಕೆಡ್ಡಸದ ದಿನ ನಮ್ಮ ಊರಿನವರು ಸೇರಿ ಹಂದಿ ಬೇಟೆಗೆ ಹೋಗುವ ಕ್ರಮ ಇರುತ್ತದೆ. ಯಾರ ಈಡಿಗೆ ಹಂದಿ ಬೀಳುತ್ತದೋ ಅವರ ಹೆಸರನ್ನು ದೈವದ ಚಾವಡಿಯ ಮುಂದೆ ಕೂಗಿ ಕರೆಯುತ್ತಾರೆ. ಹಲವು ವರ್ಷಗಳಿಂದ ಅದು ನನ್ನ ಹೆಸರೇ ಆಗಿತ್ತು. ಹಿಂದಿನ ಸಂಜೆ ಕೋವಿ ಮತ್ತು ತೋಟೆಗಳನ್ನು ಚಾವಡಿಯಲ್ಲಿ ದೈವದ ಮುಂದೆ ಇಟ್ಟು, ಬೆಳಿಗ್ಗೆ ಪ್ರಸಾದದ ಜೊತೆ ತೆಗೆದುಕೊಳ್ಳುತ್ತೇವೆ. ಈ ಸಲ ರಾತ್ರಿ ದೀಪ ಕಾಯಲು ಬಾವ ತಾವಾಗಿಯೇ ಮುಂದೆ ಬಂದರು. "ನೀವು ಮಲಗಿ ಬಾವ, ದೀಪಕ್ಕೆ ನಾನು ಕೂತ್ಕೊಳ್ತೇನೆ" ಎಂದರು. ನನಗೆ ಸಂತೋಷವೇ ಆಯಿತು.

ತಾರೀಕು 11-2-1958ರಂದು ಬೆಳಿಗ್ಗೆ ಆರು ಗಂಟೆಗೆ ಪ್ರಸಾದ ಕೊಡುವವರು ಹೂವಿನ ಜೊತೆ ತೋಟೆಗಳನ್ನು ಕೈಗೆ ಕೊಟ್ಟರು. ಕಣ್ಣಿಗೊತ್ತಿಕೊಂಡು ಹಾಗೆಯೇ ಕಿಸೆಗೆ ಹಾಕಿದೆನು. ಉಳಿದ ದಿನ ಒಂದೊಂದನ್ನೂ ತಿರುಗಿಸಿ ನೋಡುವವನು ಆ ದಿನ ನೋಡಲಿಲ್ಲ. ದೈವದ ಮುಂದಿನಿಂದ ಬಂದದ್ದನ್ನು ಪರೀಕ್ಷೆ ಮಾಡುವವರು ನಮ್ಮಲ್ಲಿ ಯಾರೂ ಇಲ್ಲ. ಇದು ಬಾವನಿಗೂ ಗೊತ್ತಿತ್ತು.

ಸುಮಾರು ಒಂಬತ್ತು ಗಂಟೆಗೆ ಗುಡ್ಡದ ಕಣಿವೆಯಲ್ಲಿ ನಾನು ನಿಂತೆ. ಬಾವ ನನ್ನ ಬಲಕ್ಕೆ ಐವತ್ತು ಗಜ ದೂರದಲ್ಲಿದ್ದರು. ಬಾವನ ಮಗ, ಅಂದರೆ ನನ್ನ ಅಳಿಯ, ಲೋಕನಾಥ, ಪ್ರಾಯ 22, ನಮ್ಮಿಬ್ಬರ ನಡುವೆ ಸ್ವಲ್ಪ ಮುಂದೆ ಬರೀ ದೊಣ್ಣೆ ಹಿಡಿದು ನಿಂತಿದ್ದನು. ಹಂದಿ ಎಬ್ಬಿಸುವ ಹುಕ್ರಪ್ಪ ಅವನಿಗೆ ಮರ ಹತ್ತಲು ಹೇಳಿದನಂತೆ. ಅದಕ್ಕೆ ಅವನು, "ಮಾವನ ಈಡು ತಪ್ಪಿದ್ದುಂಟಾ ಮಾರಾಯ?" ಎಂದು ನಕ್ಕನಂತೆ.

ಒಂಟಿ ಹಂದಿ ನೇರ ನನ್ನ ಕಡೆ ಇಳಿದು ಬಂತು. ಹದಿನೈದು ಗಜಕ್ಕೆ ಬಂದಾಗ ಕೋವಿ ಒತ್ತಿದೆನು. ಟಕ್ ಎಂದಿತು, ಸಿಡಿಯಲಿಲ್ಲ. ಎರಡನೆಯ ನಳಿಗೆಯೂ ಹಾಗೆಯೇ. ಹಂದಿ ತಿರುಗಿ ಲೋಕನಾಥನ ಮೇಲೆ ಹೋಯಿತು. ಅವನ ಬಲತೊಡೆಯನ್ನು ಎರಡು ಸಲ ಸೀಳಿತು. ಬಾವ ಕೋವಿ ಎತ್ತಿದರು, ಆದರೆ ಹಂದಿಗೂ ಅವರಿಗೂ ನಡುವೆ ಮಗನೇ ಇದ್ದನು. ಈಡು ಹಾಕಲು ಆಗಲಿಲ್ಲ. ಹುಕ್ರಪ್ಪ ಓಡಿ ಬಂದು ಈಟಿಯಿಂದ ತಿವಿದು ಹಂದಿಯನ್ನು ಅಟ್ಟಿದನು.

ಗಾಯಕ್ಕೆ ನನ್ನ ಶಾಲು ಕಟ್ಟಿದೆವು. ಬಾವ ಮಗನನ್ನು ಹಿಡಿದುಕೊಂಡಿದ್ದುದರಿಂದ ಅವರ ಕೋವಿಯನ್ನು ನಾನು ತೆಗೆದುಕೊಂಡು, ತುಂಬಿದ ಕೋವಿ ಹೊತ್ತು ಗುಡ್ಡ ಇಳಿಯಬಾರದೆಂದು ತೋಟೆ ಹೊರಗೆ ತೆಗೆದೆನು. ಹಳದಿ ಮೇಣ. ಮೂಸಿದೆನು, ಜೇನಿನ ವಾಸನೆ. ನನ್ನ ಕೋವಿ ಮಡಚಿ ನೋಡಿದೆನು. ಅದರಲ್ಲಿದ್ದ ಎರಡಕ್ಕೂ ಹಚ್ಚಿದ್ದು ಬಿಳಿ ಮೋಂಬತ್ತಿಯ ಮೇಣ. ಬುಡವನ್ನು ಹುಣಸೆಹುಳಿ ಹಾಕಿ ತಿಕ್ಕಿದ್ದರೂ ಅಂಚಿನಲ್ಲಿ ಹಸಿರು ಉಳಿದಿತ್ತು.

ಹೊಳೆಗೆ ಹಾಕಿದೆ ಎಂದಿದ್ದ ಬಾವನ ಒದ್ದೆ ತೋಟೆಗಳು ನನ್ನ ಕೋವಿಯಲ್ಲಿದ್ದವು, ನನ್ನವು ಅವರ ಕೋವಿಯಲ್ಲಿದ್ದವು. ಬಾವನೇ ಹೇಳಿದರು: "ಒಂದು ಸಲ ನನ್ನ ಹೆಸರು ಕರೆಯಲಿ ಅಂತ ಆಸೆ ಆಯ್ತು ಬಾವ. ನಿಮ್ಮ ಈಡು ತಪ್ಪಿದ್ರೆ ಹಂದಿ ನನ್ನ ಕಡೆ ಬರ್ತದೆ ಅಂತ ಗ್ರಹಿಸಿದ್ದೆ." ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಆಯಿತು. ನಾನು ಕಲಿಸಿದ ಕೈಯೇ ನನಗೆ ಮೋಸ ಮಾಡಿತು, ಅದೂ ದೈವದ ದೀಪದ ಬೆಳಕಿನಲ್ಲಿ.

ಲೋಕನಾಥನನ್ನು ಲಾರಿಯಲ್ಲಿ ಮಂಗಳೂರಿನ ಆಸ್ಪತ್ರೆಗೆ ಸಾಗಿಸಿದೆವು. ಬಂಟ್ವಾಳ ದಾಟುವಾಗ ಅವನಿಗೆ ಎಚ್ಚರ ಬಂತು. ನನ್ನ ಮುಖ ನೋಡಿ, "ನೀವು ಯಾಕೆ ಈಡು ಹಾಕ್ಲಿಲ್ಲ ಮಾವ?" ಎಂದು ಕೇಳಿದನು. ಅವನ ತಲೆ ತಂದೆಯ ಮಡಿಲಲ್ಲಿತ್ತು. ನಾನು ಗಾಯದ ಶಾಲಿನ ಗಂಟು ಬಿಗಿ ಮಾಡಿದೆನು. ನಿನ್ನೆ ಅವನ ಕಾಲನ್ನು ಮಂಡಿಯ ಮೇಲಿನಿಂದ ತೆಗೆದಿದ್ದಾರೆ. ಅಲ್ಲಿಂದ ಮೇಲೆ ಅವನು ನನ್ನೊಡನೆ ಮಾತಾಡಿರುವುದಿಲ್ಲ.

ಈ ದಿನ ಬೆಳಿಗ್ಗೆ ತಂಗಿ ಜಲಜಾಕ್ಷಿ ನನ್ನ ಕಾಲು ಹಿಡಿದು, "ತೋಟೆಗೆ ಮಳೆಯ ಪಸೆ ಹಿಡಿದಿತ್ತು ಅಂತ ಹೇಳಿ ಅಣ್ಣ. ಮಗನ ಕಾಲು ಹೋಯ್ತು, ಗಂಡನೂ ಜೈಲಿಗೆ ಹೋಗುವುದು ಬೇಡ" ಎಂದು ಅತ್ತಳು. ಹಾಗೆ ಹೇಳಿದರೆ ನನ್ನ ಲೈಸನ್ಸ್ ಹೋಗುತ್ತದೆ ಎಂದು ಬಲ್ಲೆ. ಲೈಸನ್ಸ್ ಹೋಗಲಿ. ಆದರೆ ನನ್ನ ತೋಟೆಗೆ ಪಸೆ ಹಿಡಿಯಿತೆಂದರೆ ಅಳಿಯ ನಂಬಲಾರನು. ಅವನು ಬದುಕಿರುವಷ್ಟು ಕಾಲ, ಮಾವ ಹೆದರಿ ಸುಮ್ಮನೆ ನಿಂತರು ಎಂದು ತಿಳಿಯುವುದನ್ನು ನನ್ನಿಂದ ಸಹಿಸಲು ಆಗದು. ನನ್ನ ತೋಟೆಗೆ ಪಸೆ ಹಿಡಿದಿರಲಿಲ್ಲ.

ಸಿಡಿಯದ ಎರಡು ತೋಟೆಗಳನ್ನು ಒಪ್ಪಿಸಿದ್ದೇನೆ. ನಾನು ಒತ್ತಿದ್ದೇನೆ ಎಂಬುದಕ್ಕೆ ಅವುಗಳ ಬುಡದಲ್ಲಿ ತಗ್ಗು ಬಿದ್ದ ಗುರುತು ಉಂಟು. ಬಾವನ ಕೋವಿಯಿಂದ ತೆಗೆದ ಜೇನುಮೇಣದ ಎರಡನ್ನೂ ಒಪ್ಪಿಸಿದ್ದೇನೆ. ಅವನ್ನು ಸಿಡಿಸಿ ಪರೀಕ್ಷೆ ಮಾಡುವುದಿದ್ದರೆ ಲೋಕನಾಥ ಆಸ್ಪತ್ರೆಯಿಂದ ಬರುವವರೆಗೆ ಕಾಯಬೇಕೆಂದು ಸಾಹೇಬರಲ್ಲಿ ಬೇಡಿಕೊಳ್ಳುತ್ತೇನೆ. ಎರಡೂ ಸಿಡಿಯುತ್ತವೆ. ಅವನು ಕಿವಿಯಾರೆ ಕೇಳಲಿ.

ನಾನು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದು ತಿರುಗಿ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಬೆಳ್ತಂಗಡಿ
ತಾರೀಕು: 14-2-1958
(ಸಹಿ) ಧರ್ಣಪ್ಪ ಶೆಟ್ಟಿ